ಮೂರು ಭಾನುವಾರ ಬಾರದ ಅಮ್ಮ

ಮುಂಬಯಿಯ ನಮ್ಮ ಕನ್ನಡ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಚಹಾ ಇರುತ್ತದೆ. ಲೋಟ ಹಿಡಿದವರಲ್ಲಿ ಎರಡು ಗುಂಪು. ಕಿಟಕಿಯ ಬಳಿ ಮಂಗಳೂರು, ಉಡುಪಿ ಕಡೆಯ ನಾವು, ಮಾತೆಲ್ಲ ತುಳುವಿನಲ್ಲಿ. ಬಾಗಿಲ ಬಳಿ ಬೀದರ್, ಕಲಬುರಗಿಯವರು. ಜಗಳವೇನೂ ಇಲ್ಲ. ಕೈಕುಲುಕುತ್ತೇವೆ, ‘ವಂದನೆ’ ಅನ್ನುತ್ತೇವೆ, ಲೋಕಲ್ ಹಿಡಿಯಲು ಓಡುತ್ತೇವೆ. ಇದನ್ನೇ ಸಹೋದರ ಪ್ರೀತಿ ಅಂದುಕೊಂಡಿದ್ದೆವು.

ಕಳೆದ ಮಳೆಗಾಲದಲ್ಲಿ ಬೀದರ್ ಕಡೆಯ ಒಬ್ಬ ವಯಸ್ಸಾದ ಅಮ್ಮ ಮೂರು ಭಾನುವಾರ ಬರಲಿಲ್ಲ. ಗಂಡನಿಲ್ಲ, ಒಂಟಿ ಜೀವ. ಬಚ್ಚಲಲ್ಲಿ ಬಿದ್ದು ಕಾಲು ಮುರಿದಿತ್ತು. ನಮಗೆ ತಿಳಿದದ್ದು ನಾಲ್ಕನೆಯ ವಾರ, ಅದೂ ನೆರೆಮನೆಯ ಮರಾಠಿ ಹೆಂಗಸಿನಿಂದ. ಸಭೆಯಲ್ಲಿ ಮನೆ ಭೇಟಿಗೆಂದೇ ಸಮಿತಿಯಿದೆ, ನಾನೂ ಅದರಲ್ಲಿದ್ದೆ. ಐವರೂ ಕರಾವಳಿಯವರೇ. ನಮ್ಮ ಕಡೆಯ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಸಂಜೆಯೊಳಗೆ ಸುದ್ದಿ ಗೊತ್ತಾಗುತ್ತಿತ್ತು.

ಅವರ ಖೋಲಿಗೆ ಹೋದಾಗ, “ಎಂತ ಅಮ್ಮ, ಒಂದು ಫೋನಾದರೂ ಮಾಡಬಾರದಿತ್ತಾ?” ಎಂದೆ. ತಪ್ಪನ್ನು ಅವರ ತಲೆಗೇ ಕಟ್ಟುವ ಪ್ರಶ್ನೆ.

“ಯಾರಿಗ್ ಮಾಡ್ಲೆಪ್ಪಾ? ನನ್ ಬಲ್ಲಿ ಯಾರ ನಂಬರೂ ಇಲ್ಲ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಯೆರೂಸಲೇಮಿನ ಮೊದಲ ಸಭೆಯಲ್ಲೂ ಹೀಗೇ ಆಗಿತ್ತು. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆರೆದು ನೋಡಿ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆಂದು ಗ್ರೀಕ್ ಮಾತಾಡುವವರು ಗೊಣಗಿದರು. ಬೇಕೆಂದೇ ಬಿಟ್ಟರೆಂದು ಅಲ್ಲಿ ಬರೆದಿಲ್ಲ. ಇನ್ನಷ್ಟು ಪ್ರೀತಿಸಿ ಎಂದು ಪ್ರಸಂಗ ಮಾಡಿ ಅಪೊಸ್ತಲರು ಕೈತೊಳೆದುಕೊಳ್ಳಲೂ ಇಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು! ಬಡಿಸುವ ಸೌಟನ್ನು ದೂರು ಹೇಳಿದವರ ಕೈಗೇ ಕೊಟ್ಟ ಹಾಗೆ ಕಾಣುತ್ತದೆ. ಚಿಕ್ಕಂದಿನಿಂದ ಓದುತ್ತ ಬಂದಿದ್ದರೂ ಈ ಹೆಸರುಗಳ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ.

ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯ ಕೊನೆಯ ಅಧ್ಯಾಯವೂ ನಾವು ಹಾರಿಸಿ ಓದುವಂಥದ್ದೇ. ಬರೀ ಹೆಸರು, ವಂದನೆ. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಆತ ಹೆಸರು ಹಿಡಿದು ನೆನೆಯುತ್ತಾನೆ. ರೂಫನ ತಾಯಿ ತನಗೂ ತಾಯಿ ಎನ್ನುತ್ತಾನೆ. ನಾವೋ ಆ ಅಮ್ಮನನ್ನು ‘ಹಿಂದಿನ ಬೆಂಚಿನ ಅಜ್ಜಿ’ ಅನ್ನುತ್ತಿದ್ದೆವು.

ಸಭಾಪಾಲಕರೊಂದಿಗೆ ಮಾತಾಡಿ ನಾವಿಬ್ಬರು ಸಮಿತಿ ಬಿಟ್ಟೆವು. ಬೀದರ್ ಕಡೆಯ ಇಬ್ಬರು ಹೆಣ್ಣುಮಕ್ಕಳು ಬಂದರು. ಬಂದವರೇ ಒಂದು ನೋಟುಬುಕ್ ಮಾಡಿದರು. ಭಾನುವಾರ ಬಾರದವರ ಹೆಸರು ಬರೆದುಕೊಳ್ಳುವುದು, ಸೋಮವಾರ ಫೋನ್ ಮಾಡುವುದು, ಅಷ್ಟೇ. ಕಾಣಿಕೆಯ ಲೆಕ್ಕಕ್ಕೆ ನಮ್ಮಲ್ಲಿ ದಪ್ಪ ಪುಸ್ತಕವೇ ಇತ್ತು, ಇದಕ್ಕೆ ಇರಲಿಲ್ಲ.

ಚಹಾದ ಗುಂಪುಗಳು ಇನ್ನೂ ಪೂರ್ತಿ ಬೆರೆತಿಲ್ಲ. ಊರಿನವರು ಸಿಕ್ಕರೆ ತುಳು ಬಾಯಿಗೆ ಬಂದೇ ಬರುತ್ತದೆ. ಕಳೆದ ತಿಂಗಳು ಜ್ವರವೆಂದು ನಾನು ಆರಾಧನೆಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ಆ ಅಮ್ಮನೇ. ಫೋನ್ ಮಾಡುವ ಕೆಲಸವನ್ನು ಈಗ ಅವರಿಗೂ ಹಂಚಿದ್ದಾರಂತೆ.

“ಯಾಕಪ್ಪಾ, ನಿನ್ನೆ ಕಾಣ್ಲೇ ಇಲ್ಲಲ್ಲ?”