ಮಡಚದ ಚಾಕು

ಅಲಗು ಹಿಡಿಯೊಳಗೆ ಮಡಚಿಕೊಳ್ಳದೆ ಸದಾ ನೆಟ್ಟಗಿರುವ ಸಣ್ಣ ಚಾಕುವಿಗೆ ಕೀಲೂ ಇಲ್ಲ, ಸ್ಪ್ರಿಂಗೂ ಇಲ್ಲ. ಹೀಗಾಗಿ ಸಡಿಲಾಗುವ ಭಾಗವಿಲ್ಲ, ಕೊಳೆ ಸೇರುವ ಸಂದಿಯಿಲ್ಲ. ಕೃಷ್ಣೆಯ ದಂಡೆಯ ಹಿಪ್ಪರಗಿಯಿಂದ ಜಮಖಂಡಿ, ಮುಧೋಳ, ಬೀಳಗಿಯವರೆಗಿನ ಕಬ್ಬಿನ ಸೀಮೆಯಲ್ಲಿ ಇದರ ಹಿರಿಯಣ್ಣ ಕಬ್ಬು ಕಡಿಯುವ ಕತ್ತಿ, ಕೊಯ್ತಾ. ಮಹಾರಾಷ್ಟ್ರದ ಬೀಡ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ ಗಂಡ ಹೆಂಡಿರ ಜೋಡಿಯನ್ನೇ ‘ಒಂದು ಕೊಯ್ತಾ’ ಎಂದು ಎಣಿಸುತ್ತಾರೆ. ಹೊಲದ ಆ ಹತಾರ ಪೇಟೆಗೆ ಒಗ್ಗದು. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ದಿನವಿಡೀ ಕೊಯ್ಯಬೇಕಾದದ್ದು ನೂಲು, ಸುತಳಿ, ರಟ್ಟಿನ ಪೆಟ್ಟಿಗೆಯ ಟೇಪು, ಬಹಳವಾದರೆ ಒಂದು ಪೇರಲ ಹಣ್ಣು.

ಈ ಕೆಲಸಗಳಿಗೆ ಎರಡೂವರೆಯಿಂದ ಮೂರು ಅಂಗುಲದ ಅಲಗು ಧಾರಾಳ. ಬೆನ್ನು ಎರಡು, ಮೂರು ಮಿಲಿಮೀಟರಿಗಿಂತ ದಪ್ಪವಿದ್ದರೆ ಚಾಕು ಹಣ್ಣನ್ನು ಕೊಯ್ಯುವ ಬದಲು ಸೀಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸಿವೆ. ಮನೆಬಳಕೆಗೆ, ಬೇಸಾಯಕ್ಕೆ, ವಿಜ್ಞಾನ ಮತ್ತು ಕೈಗಾರಿಕೆಗೆಂದೇ ಮಾಡಿದವನ್ನು ಕೈಬಿಟ್ಟಿವೆ. ಕೊಯ್ತಾ ಪಾರಾಗುವುದು ಈ ವಿನಾಯಿತಿಯಿಂದ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಜಾಗವಿದೆ. ಕೊಡವರು ನಡುವಿಗೆ ಸುತ್ತಿದ ರೇಷ್ಮೆಯ ಚೇಲೆಗೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ಉಡುಗೆಯ ಅಂಗ, ಅದರ ಲೆಕ್ಕವೇ ಬೇರೆ. ಅಳತೆ ಎಷ್ಟೇ ಚಿಕ್ಕದಿರಲಿ, ನಿಷೇಧಾಜ್ಞೆ ಇದ್ದ ದಿನ ಚಾಕು ಮನೆಯಲ್ಲಿರಬೇಕು. ವಿಮಾನದ ಕೈಚೀಲದಲ್ಲಂತೂ ಯಾವತ್ತೂ ಕೂಡದು. ಎರಡೂ ಕಡೆ ಬಾಯಿ ತೆಗೆದ, ಕಠಾರಿಯಂತೆ ಮೊನಚಾದ ಅಲಗು ಸುತಳಿ ಕೊಯ್ಯಲು ಬೇಕಿಲ್ಲ, ನೋಡಿದವರಿಗೆ ಅನುಮಾನ ಮಾತ್ರ ತರುತ್ತದೆ.

ಇನ್ನು ಉಕ್ಕು. ದಕ್ಷಿಣ ಭಾರತದ ಹಳೆಯ ಮೂಸೆಯುಕ್ಕನ್ನು ಯುರೋಪಿನವರು ಕರೆದ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ವಿನಿಂದಲೇ ಹುಟ್ಟಿತೆಂಬುದು ವಿದ್ವಾಂಸರಲ್ಲಿ ಬಳಕೆಯಲ್ಲಿರುವ ಮಾತು. ಇವತ್ತಿನ ಕುಲುಮೆಗೆ ಬರುವುದು ಆ ಉಕ್ಕಲ್ಲ, ಲಾರಿಯ ಹಳೆಯ ಕಮಾನು ಪಟ್ಟಿ. ಅದರಲ್ಲಿ ಶೇ 0.6ರ ಆಸುಪಾಸು ಇಂಗಾಲವಿರುತ್ತದೆ, ಹದ ಹಿಡಿಯಲು ಅಷ್ಟು ಸಾಕು. ಬಡಿದು ತೆಳುವಾಗಿಸಿದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಡುಸಾಗುತ್ತದೆ. ಎಷ್ಟು ಕೆಂಪು ಎಂಬುದನ್ನು ಕಮ್ಮಾರ ಕಣ್ಣಿನಿಂದಲೇ ಅಳೆಯುತ್ತಾನೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ ಎಂಬುದು ಹೊಸಬರಿಗೆ ಗುರುತು. ಎಣ್ಣೆಯಲ್ಲಿ ಅದ್ದಿ ಅಲ್ಲಿಗೇ ನಿಲ್ಲಿಸಿದರೆ ಅಲಗು ಗಾಜಿನಂತೆ ಚಕ್ಕೆ ಏಳುತ್ತದೆ. ಉಜ್ಜಿ ಹೊಳಪಿಸಿದ ಅಲಗನ್ನು 200 ಡಿಗ್ರಿ ದಾಟುವವರೆಗೆ ಮತ್ತೆ ಮೆಲ್ಲಗೆ ಕಾಯಿಸಿದಾಗ ಒಣಹುಲ್ಲಿನ ಹಳದಿ ಮೂಡುತ್ತದೆ. ಹದ ಬಂತೆಂದರೆ ಇದೇ. ಬಾಯಿ ಬೇಗ ಮಡಚಿಕೊಂಡರೆ ಹದ ಮೆದುವಾಗಿದೆ, ಚಕ್ಕೆ ಎದ್ದರೆ ಹೆಚ್ಚು ಗಡುಸಾಗಿದೆ. ಕೊಂಡ ವಾರದಲ್ಲೇ ಇದು ಗೊತ್ತಾಗುತ್ತದೆ.

ಕಮಾನು ಪಟ್ಟಿಯ ಅಲಗಿಗೆ ನಿಂಬೆ, ಉಳ್ಳಾಗಡ್ಡಿ ತಾಗಿದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಬೆವರುವ ಸೊಂಟದಲ್ಲಿ ಇಟ್ಟುಕೊಳ್ಳುವವರಿಗೆ, ಒರೆಸುವ ರೂಢಿಯಿಲ್ಲದವರಿಗೆ ಸ್ಟೇನ್‌ಲೆಸ್ ಉಕ್ಕೇ ಲೇಸು. ಆ ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ. ಅಲಂಕಾರದ ಉಕ್ಕಿಗೆ ದುಬಾರಿ ತೆರುವುದು ಪೇಟೆಯ ಕೆಲಸಕ್ಕೆ ಅನಾವಶ್ಯಕ.

ಇನ್ನು ಹಿಡಿ. ಕುಡಗೋಲಿನ ಸಣಕಲು ಬಾಲವನ್ನು ಕಾಯಿಸಿ ಕಟ್ಟಿಗೆಯ ಹಿಡಿಗೆ ಇಳಿಸಿ, ಮೇಲೆ ಅಣಸು ತೊಡಿಸುತ್ತಾರೆ. ವರ್ಷ ಕಳೆದಂತೆ ಅದು ಅಲುಗಾಡುವುದುಂಟು. ಚಾಕುವಿನಲ್ಲಿ ಉಕ್ಕು ಹಿಡಿಯ ಕೊನೆಯವರೆಗೂ ಹಾದುಹೋಗಿ, ಎರಡು ಪಕ್ಕೆಗೂ ಕಟ್ಟಿಗೆಯ ಹೋಳುಗಳನ್ನು ಮೊಳೆ ಬಡಿದು ಕೂಡಿಸಿದ್ದರೆ ಆ ಚಿಂತೆಯಿಲ್ಲ. ಜಾಲಿಯ ಕಟ್ಟಿಗೆ ಗಟ್ಟಿ. ನಾಲ್ಕೂ ಬೆರಳು ಕೂರುವಷ್ಟು ಹಿಡಿ ಬೇಕು.

ಚಾಕುವಿನಷ್ಟೇ ಗಮನ ಒರೆಗೂ ಸಲ್ಲಬೇಕು, ಕೊಳ್ಳುವವರು ಕೊನೆಗೆ ನೋಡುವುದು ಅದನ್ನೇ. ಬುಡಮೇಲು ಮಾಡಿ ಕೊಡವಿದರೂ ಅಲಗು ಜಾರಬಾರದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಈ ಕಬ್ಬಿನ ಸೀಮೆಯ ಬಾಗಲಕೋಟೆ ಜಿಲ್ಲೆಯೂ ಇದೆ. ಆ ಚಪ್ಪಲಿಯ ಗಿಡಮರದ ತೊಗಟೆಯಲ್ಲಿ ಹದಮಾಡಿದ ದಪ್ಪ ಚರ್ಮ ಒರೆಗೂ ಒಪ್ಪುತ್ತದೆ. ಆದರೆ ಚರ್ಮ ತೇವ ಹೀರುತ್ತದೆ, ಮಳೆಗಾಲದಲ್ಲಿ ಚಾಕುವನ್ನು ಒರೆಯೊಳಗೇ ವಾರಗಟ್ಟಲೆ ಬಿಟ್ಟರೆ ತುಕ್ಕು ಖಂಡಿತ. ಮನೆಯಲ್ಲಿ ಹೊರಗಿಟ್ಟು ತೆಳ್ಳಗೆ ಕೊಬ್ಬರಿ ಎಣ್ಣೆ ಸವರಬೇಕು.

ತಿರುಗುವ ಸಾಣೆ ಬೇಗ ಹರಿತ ಕೊಡುತ್ತದೆ, ಅಲಗು ಕಾದು ನೀಲಿಯಾದರೆ ಹದವನ್ನೂ ಕೆಡಿಸುತ್ತದೆ. ಮಸೆಗಲ್ಲಿನ ಮೇಲೆ ನೀರು ಚಿಮುಕಿಸಿ, ಒಂದೊಂದು ಪಕ್ಕೆಗೆ 15ರಿಂದ 20 ಡಿಗ್ರಿ ಓರೆಯಲ್ಲಿ ಮಸೆದರೆ ಹತ್ತು ನಿಮಿಷದ ಕೆಲಸ.