ಪುಣ್ಯವಂತ ಪದ ಪೆದ್ದಾದ ಕಥೆ

ಬ್ಲೈತ್‌ಬರ್ಗ್ ಚರ್ಚಿನೊಳಗೆ ಹೋದವರು ಕತ್ತು ನೋಯುವವರೆಗೂ ಚಾವಣಿ ನೋಡುತ್ತಾರೆ. ಅಲ್ಲಿ ರೆಕ್ಕೆ ಬಿಚ್ಚಿದ ಮರದ ದೇವದೂತರ ಸಾಲೇ ಇದೆ. 15ನೇ ಶತಮಾನದ ಕೆಲಸ. ಬಣ್ಣ ಮಾಸಿದೆ, ಚೆಲುವು ಮಾಸಿಲ್ಲ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಕೌಂಟಿಯಲ್ಲಿ, ಜವುಗು ನೆಲದ ಅಂಚಿನ ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಚರ್ಚೇ ಎಂದು ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ. ‘ನಮ್ಮದು ಸಿಲ್ಲಿ ಸಫೋಕ್ ಅಲ್ಲವೇ? ಸಿಲ್ಲಿ ಅಂದರೆ ಪಾವನ. ಊರೂರಿಗೂ ಚರ್ಚಿರುವ ಸೀಮೆ ಇದು’ ಎಂದರು.

‘ಸಿಲ್ಲಿ ಲಲ್ಲಿ’ ಧಾರಾವಾಹಿ ನೋಡಿ ನಕ್ಕ ನಮಗೆ ಇದು ಹೊಸ ಸುದ್ದಿ. ಆದರೆ ಪದದ ಮಟ್ಟಿಗೆ ಹಿರಿಯರ ಮಾತು ನಿಜ. ಹಳೆಯ ಇಂಗ್ಲಿಷಿನ ‘ಗೆಸೇಲಿಗ್’ ಎಂದರೆ ಸುಖಿ, ಭಾಗ್ಯವಂತ. ಅದರ ದಾಯಾದಿ, ಜರ್ಮನ್ನಿನ ‘ಸೇಲಿಗ್’, ಇಂದಿಗೂ ಧನ್ಯನೆಂಬ ಅರ್ಥವನ್ನೇ ಉಳಿಸಿಕೊಂಡಿದೆ. ಇಂಗ್ಲಿಷಿನಲ್ಲಿ ಮಾತ್ರ ಧನ್ಯನು ನಿರಪರಾಧಿಯಾದ, ನಿರಪರಾಧಿ ಪಾಪದವನಾದ, ಪಾಪದವನು ದುರ್ಬಲನಾದ. 1570ರ ದಶಕದ ಹೊತ್ತಿಗೆ ಪೆದ್ದನೇ ಆಗಿಬಿಟ್ಟ. ಹಳೆಯ ಅರ್ಥ ಆಮೇಲೂ ಕೆಲಕಾಲ ಉಸಿರಾಡಿತು. ಶೇಕ್ಸ್‌ಪಿಯರನ ‘ಟು ಜಂಟಲ್‌ಮೆನ್ ಆಫ್ ವೆರೋನಾ’ದಲ್ಲಿ ದರೋಡೆಕೋರರ ನಾಯಕನಾಗಲು ಒಪ್ಪುವ ವ್ಯಾಲೆಂಟೈನ್, ‘ಸಿಲ್ಲಿ’ ಹೆಂಗಸರ ಗೋಜಿಗೆ ಹೋಗಕೂಡದೆಂದು ಷರತ್ತು ಹಾಕುತ್ತಾನೆ. ಅಲ್ಲಿ ಅದರರ್ಥ ದಿಕ್ಕಿಲ್ಲದವರು. ಕ್ರಿಕೆಟ್ಟಿಗೆ ಬರುವಷ್ಟರಲ್ಲಿ ಕರುಣೆಯೂ ಉಳಿದಿರಲಿಲ್ಲ. ಬ್ಯಾಟಿನ ಎದುರಿಗೇ ಹೋಗಿ ನಿಲ್ಲುವ ಹುಚ್ಚು ಧೈರ್ಯಕ್ಕೆ ‘ಸಿಲ್ಲಿ ಪಾಯಿಂಟ್’ ಎಂದು ಹೆಸರಾಯಿತು.

ಇನ್ನು ‘ಸಿಲ್ಲಿ ಸಫೋಕ್’. ಕಥೆ ನನಗೆ ತುಂಬ ಇಷ್ಟ, ಆದರೂ ನಂಬಲಾರೆ. ಅದನ್ನು ಹೇಳುವವರು ಆಧಾರವಾಗಿ ಕೊಡುವ ‘ಸೇಲಿಗ್’ ಜರ್ಮನ್ ರೂಪ. ಮಧ್ಯಯುಗದ ಇಂಗ್ಲಿಷರ ಬಾಯಲ್ಲಿದ್ದದ್ದು ‘ಸೀಲಿ’. ಮೇಲಾಗಿ, ಈ ದೇವದೂತರು ಚಾವಣಿ ಏರುತ್ತಿದ್ದ ಕಾಲಕ್ಕೆ ಆ ಪದ ಆಗಲೇ ಕನಿಕರದ ಮಟ್ಟಕ್ಕೆ ಇಳಿದಿತ್ತು. ನೆರೆಯವರು ಛೇಡಿಸಲು ಇಟ್ಟ ಹೆಸರಿಗೆ ಊರಿನ ಅಭಿಮಾನಿಗಳು ಆಮೇಲೆ ಮಡಿ ಉಡಿಸಿರಬೇಕು ಎಂಬುದು ನನ್ನ ಗುಮಾನಿ.

ಒಳ್ಳೆಯತನ ಪೆದ್ದುತನವಾಗಿ ಕೊನೆಗಾಣುವುದು ಪದಗಳ ಹಣೆಬರಹವೇನೂ ಅಲ್ಲ. ಸಂಸ್ಕೃತದ ಮುಗ್ಧ, ಮೂಢ ಎರಡೂ ಒಂದೇ ಧಾತುವಿನ ಮಕ್ಕಳು. ಮತಿಗೆಟ್ಟವನು ಎಂಬುದೇ ಮೂಲಾರ್ಥ. ಮೂಢ ಅಲ್ಲೇ ಉಳಿದ. ಮುಗ್ಧನನ್ನು ನಾವು ಮಗುವಿನ ನಗುವಿನ ಪಕ್ಕದಲ್ಲಿ ಕೂರಿಸಿದ್ದೇವೆ. ಕೇಡರಿಯದವನನ್ನು ಪೆದ್ದನೆಂದು ಕರೆದವರೂ ಮಾತಾಡುವ ಜನರೇ. ಅದೇ ಜನ ಮನಸ್ಸು ಮಾಡಿದರೆ ಪೆದ್ದನನ್ನೂ ಮೇಲೆತ್ತಬಲ್ಲರು.