ಶಿಕ್ಷೆಗೆ ಮುನ್ನ ಒಂದು ವರದಿ
ಮುಂಬಯಿ: ಅಪರಾಧ ಸಾಬೀತಾದರೆ ಜೈಲೇ ಗತಿ ಎಂದು ನಮ್ಮವರಲ್ಲಿ ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಮರಣದಂಡನೆ, ಜೀವಾವಧಿ ಶಿಕ್ಷೆಗೆ ಒಳಪಡದ ಹಲವು ಅಪರಾಧಗಳಲ್ಲಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಲು 1958ರ ಅಪರಾಧಿಗಳ ಪ್ರೊಬೇಶನ್ ಕಾಯ್ದೆಯಲ್ಲಿ ಅವಕಾಶವಿದೆ. ತಪ್ಪಿತಸ್ಥ 21 ವರ್ಷದೊಳಗಿನವನಾದರೆ, ಇಂಥ ಪ್ರಕರಣದಲ್ಲಿ ಜೈಲಿಗೆ ಕಳುಹಿಸುವ ಮುನ್ನ ನ್ಯಾಯಾಲಯ ಪ್ರೊಬೇಶನ್ ಅಧಿಕಾರಿಯ ವರದಿ ತರಿಸಿಕೊಳ್ಳಲೇಬೇಕು.

ಅಧಿಕಾರಿಯು ಹುಡುಗನ ನಡತೆ, ಮನೆಯ ಸ್ಥಿತಿಗತಿ, ಸಹವಾಸ ವಿಚಾರಿಸಿ ಗೋಪ್ಯ ವರದಿ ಸಲ್ಲಿಸುತ್ತಾರೆ. ಕೊನೆಯ ಮಾತು ಮಾತ್ರ ನ್ಯಾಯಾಧೀಶರದು. ನಟ ಸಂಜಯ್ ದತ್ತ್ ಪ್ರೊಬೇಶನ್ ಕೋರಿದಾಗ ಮುಂಬಯಿಯ ಟಾಡಾ ನ್ಯಾಯಾಲಯ ಒಪ್ಪದೆ, 2007ರಲ್ಲಿ ಆರು ವರ್ಷ ಶಿಕ್ಷೆ ವಿಧಿಸಿದ್ದು ಓದುಗರಿಗೆ ನೆನಪಿರಬಹುದು.

ತೊಡಕು ಇರುವುದು ವಿಳಾಸದಲ್ಲಿ. ತಪ್ಪಿತಸ್ಥನಿಗೆ ಇಲ್ಲವೇ ಆತನ ಜಾಮೀನುದಾರನಿಗೆ ಆ ನ್ಯಾಯಾಲಯದ ವ್ಯಾಪ್ತಿಯಲ್ಲಿ ಅಥವಾ ಮುಚ್ಚಳಿಕೆಯ ಅವಧಿಯಲ್ಲಿ ತಪ್ಪಿತಸ್ಥ ವಾಸಿಸಲಿರುವ ಸ್ಥಳದಲ್ಲಿ ಖಾಯಂ ವಾಸ ಅಥವಾ ನಿತ್ಯದ ಉದ್ಯೋಗ ಇರಬೇಕೆನ್ನುತ್ತದೆ ಕಾಯ್ದೆ. ಊರಿಂದ ಬಂದು ಹೊಟೇಲಿನಲ್ಲೇ ದುಡಿದು ಅಲ್ಲೇ ಮಲಗುತ್ತಿದ್ದ ಹುಡುಗ, ಪೊಲೀಸರು ಹಿಡಿದ ದಿನವೇ ಕೆಲಸವನ್ನೂ ಕಳಕೊಂಡಿದ್ದರೆ ಅಧಿಕಾರಿ ಯಾರ ಬಾಗಿಲು ತಟ್ಟಬೇಕು? ಊರಲ್ಲಿರುವ ತಂದೆ-ತಾಯಿಗೆ ಮರಾಠಿ ಬಾರದು, ಕೋರ್ಟಿನ ದಾರಿಯೂ ತಿಳಿಯದು. ಆಗ ಹಳೆಯ ಧಣಿಯೋ ಸಂಘದ ಹಿರಿಯರೊಬ್ಬರೋ ಮುಂದೆ ಬಂದು, ‘ಹುಡುಗ ನಮ್ಮವ, ಕೆಲಸ ಕೊಡುತ್ತೇವೆ, ಜಾಮೀನಿಗೂ ನಿಲ್ಲುತ್ತೇವೆ’ ಎಂದರೆ ವರದಿಯ ತೂಕವೇ ಬೇರೆಯಾದೀತು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ ಮೂರು ವರ್ಷ. ಅದನ್ನು ಮುರಿಯದೆ ಪೂರೈಸಿದವನಿಗೆ, ಶಿಕ್ಷೆಗೊಳಗಾದವರಿಗೆ ಕಾನೂನಿನಂತೆ ತಗಲುವ ಅನರ್ಹತೆಯೂ ತಗಲದು.